ಕೊಟ್ಟಿಗೆ ಅಟ್ಟದ ಪೈಲಟ್ ಕೋಟು

ನಮ್ಮನೆ ಕೊಟ್ಟಿಗೆ ಅಟ್ಟದ ಮೇಲೆ ಒಂದು ಚರ್ಮದ ಕೋಟು ಇತ್ತು. ನಾನು ಹುಟ್ಟೋಕೆ ಮುಂಚಿಂದಾನೂ ಇತ್ತು, ನಮ್ಮಪ್ಪ ಹುಟ್ಟೋಕೆ ಮುಂಚಿಂದಾನೂ ಇತ್ತು. ಮನೇಲಿ ಎಲ್ಲರೂ ಅದನ್ನ ಕರೀತಿದ್ದಿದ್ದು ಪೈಲಟ್ ಕೋಟು ಅಂತ. ತೀರ್ಥಹಳ್ಳಿ ಕಡೆ ಒಂದು ಅಡಿಕೆ ತೋಟದ ಮನೇಲಿ ಪೈಲಟ್ ಕೋಟು ಯಾಕಿರಬೇಕು ಅಂತ ಚಿಕ್ಕೋನಿದ್ದಾಗ ನಂಗೆ ಅನ್ನಿಸಿರ್ಲೇ ಇಲ್ಲ, ಎಲ್ಲರ ಮನೇಲೂ ಒಂದೊಂದು ಇರುತ್ತೇನೋ ಅಂದ್ಕೊಂಡಿದ್ದೆ, ಮಳೆಗೆ ಹಾಕ್ಕೊಳ್ಳೋ ಕಂಬಳಿ ಕೊಪ್ಪೆ ಇರೋ ಹಾಗೆ, ಗೊರಬು ಇರೋ ಹಾಗೆ.

ಕೊಟ್ಟಿಗೇಲಿ ಯಾಕಿತ್ತು ಅಂದ್ರೆ ಅಜ್ಜಿ. ಅದು ದನದ ಚರ್ಮ ಅಂತ ಅಜ್ಜಿಗೆ ಅನುಮಾನ, ಹಾಗಾಗಿ ಮದುವೆಯಾಗಿ ಬಂದ ವರ್ಷಾನೇ ಅದನ್ನ ಜಗಲಿಯಿಂದ ಆಚೆ ಹಾಕ್ಸಿದ್ರಂತೆ. ದನದ ಚರ್ಮ ಅಂತ ಮನೆಯಿಂದ ಓಡಿಸಿ ದನಗಳ ತಲೆ ಮೇಲೇ ನೇತು ಹಾಕಿದ್ದು ಯಾವ ನ್ಯಾಯ ಅಂತ ಅಪ್ಪ ಒಂದ್ಸಲ ಕೇಳಿ ಬೈಸ್ಕೊಂಡಿದ್ರಂತೆ. ಅಜ್ಜ ಮಾತ್ರ ತಲೆ ಕೆಡಿಸ್ಕೊಳ್ಳಲಿಲ್ಲ. ಅಡಿಕೆ ಗೊನೆ ಕೊಯ್ಲು ಮುಗಿದು, ಬೇಯಿಸಿ ಅಂಗಳದಲ್ಲಿ ಹರವಿದ್ಮೇಲೆ ರಾತ್ರಿ ಕಾವಲು ಇರ್ಬೇಕಲ್ಲ, ಡಿಸೆಂಬರ್ ಚಳಿ, ಆಗ ಕೊಟ್ಟಿಗೆಯಿಂದ ಕೋಟು ಇಳಿಸಿ ಹಾಕ್ಕೊಂಡು, ಅದರ ಮೇಲೆ ಕಂಬಳಿ ಹೊದ್ದು, ಬ್ಯಾಟರಿ ಹಿಡ್ಕೊಂಡು ಕೂರ್ತಿದ್ರು. ನಂಗೆ ಅಜ್ಜ ಅಂದ್ರೆ ನೆನಪಿರೋದು ಇದೊಂದೇ ಚಿತ್ರ. ನಂಗೆ ಏಳು ವರ್ಷ ಆದಾಗ ಅಜ್ಜ ಹೋದ್ರು. ಆಮೇಲೆ ಯಾರೂ ಅದನ್ನ ಹಾಕ್ಲಿಲ್ಲ.

ಹೋದ ವರ್ಷ ಕೊಟ್ಟಿಗೆ ಕೆಡವಿ ಶೀಟ್ ಹಾಕ್ಸೋಣ ಅಂತ ಆಯ್ತು. ದನ ಎಲ್ಲಾ ಹೋಗಿ ಎಷ್ಟೋ ಕಾಲ ಆಯ್ತು, ಈಗ ಅಲ್ಲಿ ಎರಡು ಬೈಕು, ಒಂದು ಕಳೆ ಕೊಚ್ಚೋ ಮಿಷನ್ನು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋ ಡ್ರಮ್ಮು. ನಾನು ಶಿವಮೊಗ್ಗದಲ್ಲಿ ಕೆಲಸ ಮಾಡೋನು, ಭಾನುವಾರ ಊರಿಗೆ ಹೋದಾಗ ಕೆಲಸದೋರು ಅಟ್ಟದಿಂದ ಇಳಿಸಿದ ಸಾಮಾನಿನ ರಾಶಿ ಅಂಗಳದಲ್ಲಿ ಬಿದ್ದಿತ್ತು, ಮುರಿದ ಮೆಟ್ಟುಗತ್ತಿ, ತೂತಾದ ಹಂಡೆ, ಅದರ ಪಕ್ಕ ಒಂದು ಗೋಣಿಚೀಲದಲ್ಲಿ ಇದು. ಎತ್ತಿ ನೋಡಿದ್ರೆ ಆಶ್ಚರ್ಯ, ಎಂಬತ್ತು ವರ್ಷದ ಚರ್ಮ ಮಲೆನಾಡ ಮಳೇಲಿ ಗೊಬ್ಬರ ಆಗ್ಬೇಕಿತ್ತು, ಆಗಿಲ್ಲ. ಕಾರಣ ಆಮೇಲೆ ಹೊಳೀತು, ಕೊಟ್ಟಿಗೆಗೆ ಅಂಟ್ಕೊಂಡೇ ಅಡಿಕೆ ಬೇಯಿಸೋ ಒಲೆ, ವರ್ಷಾ ವರ್ಷ ಅದರ ಹೊಗೆ ಕುಡ್ದು ಕುಡ್ದು ಕೋಟು ಉಳ್ಕೊಂಡಿದೆ. ಒಳಗೆ ತಂದು ಬೀರುವಲ್ಲಿ ಇಟ್ಟಿದ್ರೆ ಎರಡು ಮಳೆಗಾಲಕ್ಕೆ ಬೂಷ್ಟು ತಿಂದು ಹಾಕ್ತಿತ್ತು. ಅಜ್ಜಿ ಓಡಿಸಿದ್ದಕ್ಕೇ ಬದುಕಿದ್ದು.

ಈಗ ಕಥೆ. ನಮ್ಮನೇಲಿ ಈ ಕೋಟಿಗೆ ಮೂರು ಕಥೆ ಇದೆ, ಮೂರು ಜನ ಹೇಳ್ತಾರೆ, ಒಬ್ಬರ ಕಥೆ ಇನ್ನೊಬ್ಬರು ಒಪ್ಪಲ್ಲ.

ಚಿಕ್ಕಪ್ಪನ ಕಥೆ ಸಿನಿಮಾ ಥರ. ಎರಡನೇ ಮಹಾಯುದ್ಧದ ಕಾಲದಲ್ಲಿ ಕುಂದಾದ್ರಿ ಬೆಟ್ಟದ ಆಚೆ ಕಾಡಲ್ಲಿ ಒಂದು ವಿಮಾನ ಬಿತ್ತು, ಅಜ್ಜ ಸೊಪ್ಪಿಗೆ ಹೋದವರು ಗಾಯ ಆದ ಬಿಳಿಯನ್ನ ಹೊತ್ಕೊಂಡು ಬಂದು ಗಂಜಿ ಕುಡಿಸಿ ಬದುಕಿಸಿದ್ರು, ಅವನು ಹೋಗುವಾಗ ಮೈಮೇಲಿದ್ದ ಕೋಟು ಬಿಚ್ಚಿ ಕೊಟ್ಟ. ಮದುವೆ ಮನೇಲಿ ಎಲೆ ಅಡಿಕೆ ಹಾಕ್ಕೊಂಡು ಕೂತ್ರೆ ಚಿಕ್ಕಪ್ಪ ಇದನ್ನ ಅರ್ಧ ಗಂಟೆ ಹೇಳ್ತಾರೆ, ಒಂದೊಂದು ಸಲ ಪೈಲಟ್ ಅಳ್ತಾನೆ ಕೂಡ. ನಾನು ಹೈಸ್ಕೂಲ್ ತನಕ ಇದನ್ನೇ ನಂಬಿದ್ದೆ, ಫ್ರೆಂಡ್ಸಿಗೆಲ್ಲ ಹೇಳಿದ್ದೆ. ಆಮೇಲೆ ಯೋಚನೆ ಮಾಡಿದ್ರೆ, ಅಲ್ಲ ಮಾರಾಯ್ರೆ, ಆ ಕಾಲದಲ್ಲಿ ಕುಂದಾದ್ರಿ ಹತ್ರ ವಿಮಾನ ಬಿದ್ದಿದ್ರೆ ನಮ್ಮನೆಯೋರು ಮಾತ್ರ ಹೇಳ್ತಿದ್ರಾ, ಇಡೀ ತಾಲೂಕು ಇವತ್ತಿಗೂ ಅದರ ತಗಡಲ್ಲಿ ನೀರು ಕಾಯಿಸ್ತಿರ್ಲಿಲ್ವಾ.

ದೊಡ್ಡತ್ತೆಯದು ಮರ್ಯಾದಸ್ಥ ಕಥೆ. ಅಜ್ಜ ಮದುವೆಗೆ ಮುಂಚೆ ಎರಡು ಮೂರು ವರ್ಷ ಬೆಂಗಳೂರಲ್ಲಿ ವಿಮಾನದ ಫ್ಯಾಕ್ಟ್ರೀಲಿ ಕೆಲಸಕ್ಕಿದ್ರು, ಇದು ನಿಜ, ನಂಬರ್ ಕೊರೆದಿರೋ ಒಂದು ಹಿತ್ತಾಳೆ ಬಿಲ್ಲೆ ಇವತ್ತಿಗೂ ಅಪ್ಪನ ಪೆಟ್ಟಿಗೇಲಿದೆ. ಅಲ್ಲಿ ಒಬ್ಬ ಅಮೆರಿಕದ ದೊರೆಗೆ ಅಜ್ಜನ ಕೆಲಸ ಕಂಡು ಭಾರೀ ಖುಷಿ, ಯುದ್ಧ ಮುಗಿಸ್ಕೊಂಡು ಹೊರಡುವಾಗ ನೆನಪಿಗಿರ್ಲಿ ಅಂತ ಕೊಟ್ಟುಹೋದ.

ಅಪ್ಪನ ಕಥೆ ಒಂದೇ ಸಾಲು. "ಗುಜರೀಲಿ ತಗಂಡಿದ್ದು ಕಣೋ."

ಮೂರರಲ್ಲಿ ಯಾವುದು ನಿಜ ಅಂತ ಕೋಟನ್ನೇ ಕೇಳೋಣ ಅಂತ ಅದನ್ನ ಶಿವಮೊಗ್ಗಕ್ಕೆ ತಂದೆ. ಕಾಲರ್ ಕೆಳಗೆ ಒಳಗಡೆ ಒಂದು ಬಟ್ಟೆ ಲೇಬಲ್, ಅರ್ಧ ಜಿರಲೆ ತಿಂದಿದೆ. ಉಳಿದದ್ದನ್ನ ಮೊಬೈಲ್ ಟಾರ್ಚ್ ಹಾಕಿ ಓದಿದ್ರೆ, ಟೈಪ್ ಎ-2 ಅಂತ ಇದೆ, ಡ್ರಾಯಿಂಗ್ ನಂಬರ್ 30-1415 ಅಂತಿದೆ, ಕಂಪನಿ ಹೆಸರು ಹೋಗಿ ಬೀಕನ್, ಎನ್.ವೈ. ಅನ್ನೋದಷ್ಟೇ ಉಳಿದಿದೆ, ಕೆಳಗೆ ಪ್ರಾಪರ್ಟಿ, ಏರ್ ಫೋರ್ಸ್, ಯು.ಎಸ್. ಆರ್ಮಿ. ಎರಡು ದಿನ ನಿದ್ದೆ ಬರ್ಲಿಲ್ಲ ನಂಗೆ.

ಎ-2 ಅಂದ್ರೆ ಅಮೆರಿಕದ ಆರ್ಮಿ ವಿಮಾನದಳ 1931ರಲ್ಲಿ ಒಪ್ಪಿದ ಕೋಟು. ಅದಕ್ಕೆ ಮುಂಚೆ ಎ-1 ಅಂತ ಒಂದಿತ್ತು, 1927ರದ್ದು, ಅದಕ್ಕೆ ಗುಂಡಿ, ಇದಕ್ಕೆ ಜಿಪ್ಪು. ಸೊಂಟಕ್ಕೆ ನಿಲ್ಲುತ್ತೆ, ಮುಂಗೈಗೆ ಮತ್ತು ಸೊಂಟಕ್ಕೆ ಉಣ್ಣೆಯ ಹೆಣಿಗೆ ಪಟ್ಟಿ, ಶರ್ಟಿನ ಥರ ಕಾಲರ್, ಅದರ ತುದಿ ಗಾಳಿಗೆ ಹೊಡ್ಕೋಬಾರ್ದು ಅಂತ ಟಿಚ್ ಬಟನ್. ಬೆನ್ನು ಪೂರ್ತಿ ಒಂದೇ ತುಂಡು ಚರ್ಮ, ನಡುವೆ ಹೊಲಿಗೆ ಇಲ್ಲ. ಯುದ್ಧದ ಹೊತ್ತಲ್ಲಿ ಹುಡುಗರು ಆ ಬೆನ್ನಿನ ಮೇಲೆ ಹುಲಿ, ಹುಡುಗಿ, ಬಾಂಬು ಎಲ್ಲಾ ಪೇಂಟ್ ಮಾಡಿಸ್ಕೊಳ್ತಿದ್ರು. ನಮ್ಮದರಲ್ಲಿ ಎಂತದೂ ಇಲ್ಲ, ಬರೀ ಹೊಗೆ. ಬೀಕನ್ ಅನ್ನೋದು ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿ ದಂಡೆಯ ಒಂದು ಊರು, ಅಲ್ಲಿ ಏರೋ ಲೆದರ್ ಕ್ಲೋದಿಂಗ್ ಅಂತ ಕಂಪನಿ ಈ ಕೋಟು ಹೊಲೀತಿತ್ತು. ಹೊಳೆ ದಾಟಿದ್ರೆ ನ್ಯೂಬರ್ಗ್, ಅಲ್ಲಿ ಪೆರ್ರಿ ಅಂತ ಇನ್ನೊಂದು ಕಂಪನಿ ಇದೇ ಕೋಟು ಹೊಲೀತಿತ್ತು. ನಮ್ಮಲ್ಲಿ ತುಂಗಾ ನದಿ ಈಚೆ ದಡದಲ್ಲೊಬ್ಬ ಆಚೆ ದಡದಲ್ಲೊಬ್ಬ ಟೈಲರ್ ಇದ್ದ ಹಾಗೆ. ಅಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಯಾರೋ ಒಬ್ಬಳು ಹೊಲಿದ ಕೋಟು ಬಂದು ಬಂದು ನಮ್ಮನೆ ಎಮ್ಮೆ ತಲೆ ಮೇಲೆ ನೇತಾಡ್ತಿತ್ತು ಅಂದ್ರೆ.

ಜೇಬಿನದ್ದು ಒಂದು ಹೇಳಲೇಬೇಕು. ಮುಂದುಗಡೆ ಎರಡು ಜೇಬಿದೆ, ಮೇಲಿಂದ ಮುಚ್ಚಳ, ಆದ್ರೆ ಪಕ್ಕದಿಂದ ಕೈ ತೂರಿಸ್ಕೊಳ್ಳೋಕೆ ಜಾಗ ಇಲ್ಲ. ಜೇಬಲ್ಲಿ ಕೈ ಹಾಕ್ಕೊಂಡು ನಿಲ್ಲೋದು ಸೈನಿಕನಿಗೆ ಲಕ್ಷಣ ಅಲ್ಲ ಅಂತ. ಅಮೆರಿಕದ ಮಿಲಿಟರಿಯೋರು ಇಷ್ಟೆಲ್ಲ ಶಿಸ್ತು ಇಟ್ಟು ಹೊಲಿಸಿದ ಬಲಗಡೆ ಜೇಬಿನೊಳಗೆ ನಂಗೆ ಸಿಕ್ಕಿದ್ದು ಕಲ್ಲಿನಂಗೆ ಆದ ಸುಣ್ಣದ ಉಂಡೆ, ಒಂದು ಚೂರು ಬೆಟ್ಟೆ ಅಡಿಕೆ. ಸುಣ್ಣ ತಾಗಿದ ಕಡೆ ಚರ್ಮ ಸುಟ್ಟ ಹಾಗೆ ಬಿರುಸಾಗಿದೆ. ಆಗ್ಲೇಬೇಕು, ಹಸಿ ಚರ್ಮದ ಕೂದಲು ಉದುರಿಸೋಕೆ ಹದ ಮಾಡೋರು ಹಾಕೋದೇ ಸುಣ್ಣದ ನೀರು.

ವಿಮಾನದೋರಿಗೆ ಚರ್ಮದ ಕೋಟು ಯಾಕೆ ಅಂದ್ರೆ, ಮೇಲೆ ಹೋದ ಹಾಗೆ ಚಳಿ. ಒಂದು ಕಿಲೋಮೀಟರ್ ಎತ್ತರಕ್ಕೆ ಹತ್ತಿರತ್ತಿರ ಆರೂವರೆ ಡಿಗ್ರಿ ಇಳಿಯುತ್ತೆ. ಸೋಮೇಶ್ವರದಲ್ಲಿ ಬೆವರು ಒರೆಸ್ಕೊಂಡು ಬಸ್ ಹತ್ತಿದೋರು ಘಾಟಿ ಮುಗ್ಸಿ ಆಗುಂಬೇಲಿ ಇಳಿದು ಮೈ ಮುದುರ್ಕೊಳ್ತಾರಲ್ಲ, ಅಲ್ಲಿ ಎತ್ತರದ ಲೆಕ್ಕದಲ್ಲಿ ಬರೋ ವ್ಯತ್ಯಾಸ ಬರೀ ಮೂರು ನಾಲ್ಕು ಡಿಗ್ರಿ. ಯುದ್ಧದ ಹೊತ್ತಲ್ಲಿ ಈ ಅಮೆರಿಕದ ವಿಮಾನದೋರು ಅಸ್ಸಾಮಿನ ಚಬುವಾ, ದಿಂಜಾನ್ ಇಂಥ ಕಡೆಯಿಂದ ಹಾರಿ ಹಿಮಾಲಯದ ಪೂರ್ವದ ಕೊನೆ ದಾಟಿ ಚೀನಾದ ಕುನ್ಮಿಂಗಿಗೆ ಸಾಮಾನು ಹೊತ್ತು ಹಾಕ್ತಿದ್ರು, ಹದಿನೈದು ಹದಿನಾರು ಸಾವಿರ ಅಡಿ ಮೇಲೆ, ಅದಕ್ಕೆ ಹಂಪ್ ಅಂತ ಹೆಸರು, ಅಂದ್ರೆ ಗೂನು. ಕೆಳಗೆ ಮೂವತ್ತು ಡಿಗ್ರಿ ಸೆಖೆ, ಮೇಲೆ ಸೊನ್ನೆಗಿಂತ ಕೆಳಗೆ, ಈಗಿನ ವಿಮಾನದ ಥರ ಒಳಗೆ ಗಾಳಿ ಒತ್ತಡ ಕಟ್ಟಿಡೋ ವ್ಯವಸ್ಥೇನೂ ಇಲ್ಲ. ಚರ್ಮ ಬೆಚ್ಚಗಿಡೋದಕ್ಕಿಂತ ಹೆಚ್ಚಾಗಿ ಗಾಳಿ ತಡೆಯುತ್ತೆ, ಬೆಚ್ಚಗಿಡೋಕೆ ಒಳಗೆ ಸ್ವೆಟರ್ರು. ಅಜ್ಜ ತಿರುವು ಮುರುವು ಮಾಡ್ತಿದ್ರು, ಕೋಟು ಒಳಗೆ ಕಂಬಳಿ ಹೊರಗೆ. ಇನ್ನೂ ಎತ್ತರಕ್ಕೆ ಹೋಗೋ ಬಾಂಬರ್‌ನೋರಿಗೆ ಇದು ಸಾಕಾಗ್ತಿರ್ಲಿಲ್ಲ, ಅವರಿಗೆ ಬಿ-3 ಅಂತ ಉಣ್ಣೆ ಸಮೇತ ಕುರಿ ಚರ್ಮದ್ದು, ಬ್ರಿಟಿಷರಿಗೆ ಇರ್ವಿನ್ ಅಂತ ಅಂಥದ್ದೇ. ನಮ್ಮೂರಲ್ಲಿ ಅದನ್ನ ಹಾಕ್ಕೊಂಡ್ರೆ ಬೆವರಿ ಸಾಯಬೇಕು.

ಇನ್ನು ಬೆಂಗಳೂರಿಗೆ ಅಮೆರಿಕದೋರು ಹೇಗೆ ಬಂದ್ರು ಅನ್ನೋದು. ಅಜ್ಜ ಇದ್ದ ವಿಮಾನದ ಫ್ಯಾಕ್ಟ್ರಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್, ಶುರುವಾಗಿದ್ದು 1940ರ ಡಿಸೆಂಬರ್‌ನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತೆ ಮೈಸೂರು ಸರ್ಕಾರ ಸೇರಿ ಮಾಡಿದ್ದು, ಜೊತೆಗೆ ವಿಲಿಯಂ ಪಾಲಿ ಅನ್ನೋ ಅಮೆರಿಕದವನು. ವಿಮಾನ ಕಟ್ಟೋಣ ಅಂತ ಶುರು ಮಾಡಿದ್ರು, ಜಪಾನಿನೋರು ಬರ್ಮಾ ತನಕ ಬಂದ್ಮೇಲೆ ಕಟ್ಟೋದಕ್ಕಿಂತ ರಿಪೇರಿ ಅರ್ಜೆಂಟ್ ಆಯ್ತು. 1943ರಲ್ಲಿ ಅಮೆರಿಕದ ವಿಮಾನದಳಾನೇ ಫ್ಯಾಕ್ಟ್ರಿ ಉಸ್ತುವಾರಿ ತಗೊಂಡು 84ನೇ ಏರ್ ಡಿಪೋ ಅಂತ ಮಾಡ್ತು. ಆ ಭಾಗದ ಯುದ್ಧಕ್ಕೆ ಹಾರ್ತಿದ್ದ ಸರಕು ವಿಮಾನ, ನೀರಿನ ಮೇಲೆ ಇಳಿಯೋ ಕ್ಯಾಟಲಿನಾ, ಬಾಂಬರ್ರು, ಎಲ್ಲಾ ಅಲ್ಲಿ ಬಂದು ಬಿಚ್ಚಿ ಜೋಡಿಸಿ ಹೋಗ್ತಿದ್ವು. ನಮ್ಮಜ್ಜ ಆ ಬಿಚ್ಚೋ ಕಡೆ ಇದ್ರಂತೆ. "ಬಿಚ್ಚೋದು ಕಲ್ತೆ, ಜೋಡ್ಸೋದು ಕಲಿಯೋದ್ರೊಳಗೆ ಯುದ್ಧ ಮುಗೀತು" ಅಂತ ಹೇಳ್ತಿದ್ರಂತೆ, ಮನೆ ಗಡಿಯಾರ ನೋಡಿದ್ರೆ ಗೊತ್ತಾಗುತ್ತೆ.

ಅಜ್ಜ ಈ ಬಗ್ಗೆ ಊರಲ್ಲಿ ಯಾಕೆ ಬಾಯಿ ಬಿಡ್ತಿರ್ಲಿಲ್ಲ ಅಂತ ನಂಗೆ ಮೊದಲು ಅರ್ಥ ಆಗಿರ್ಲಿಲ್ಲ. ಇಸವಿ ಜೋಡಿಸಿದಾಗ ಹೊಳೀತು. 1942ರಲ್ಲಿ ನಮ್ಮದೇ ಜಿಲ್ಲೆ ಶಿಕಾರಿಪುರ ತಾಲೂಕಿನ ಈಸೂರು ತಾನು ಸ್ವತಂತ್ರ ಅಂತ ಘೋಷಣೆ ಮಾಡ್ಕೊಂಡಿತ್ತು, ಏಸೂರು ಕೊಟ್ಟರೂ ಈಸೂರು ಕೊಡೆವು ಅಂತ. 1943ರ ಮಾರ್ಚಲ್ಲಿ ಆ ಊರಿನ ಐದು ಜನರನ್ನ ಗಲ್ಲಿಗೇರಿಸಿದ್ರು. ಅದೇ ಹೊತ್ತಲ್ಲಿ ಇದೇ ಜಿಲ್ಲೆ ಹುಡುಗ ಒಬ್ಬ ಬೆಂಗಳೂರಲ್ಲಿ ಬಿಳಿಯರ ಯುದ್ಧದ ವಿಮಾನ ರಿಪೇರಿ ಮಾಡಿ ಸಂಬಳ ಎಣಿಸ್ಕೊಳ್ತಿದ್ದ. ಸ್ವಾತಂತ್ರ್ಯ ಬಂದ್ಮೇಲೆ ಊರಿಗೆ ಬಂದು ಜಗಲೀಲಿ ಕೂತು ಅದನ್ನ ಹೇಳ್ಕೊಳ್ಳೋಕೆ ಆಗುತ್ತಾ. ಹೊಟ್ಟೆಪಾಡು ಅನ್ನೋದು ನಿಜ, ಎಂಟು ಮಕ್ಕಳಲ್ಲಿ ಆರನೇಯವರು. ಆದ್ರೂ.

ಕೋಟಿಗೆ ವಾಪಸ್ ಬರ್ತೀನಿ. ಎಡ ಭುಜದ ಮೇಲೆ, ಬೆಳಕಿಗೆ ಓರೆಯಾಗಿ ಹಿಡಿದ್ರೆ ಮಾತ್ರ, ಒಂದು ಗುರಾಣಿ ಆಕಾರದ ನೆರಳು ಕಾಣುತ್ತೆ. ಸುತ್ತಲಿನ ಚರ್ಮ ಬಿಸಿಲಿಗೆ ಮಾಸಿದೆ, ಅಷ್ಟು ಜಾಗ ಮಾತ್ರ ಗಾಢ ಕಂದು. ಅಲ್ಲೊಂದು ಬಿಲ್ಲೆ ಹೊಲಿದಿದ್ರು ಅಂತ ಆಯ್ತು. ಚೀನಾ ಬರ್ಮಾ ಇಂಡಿಯಾ ಮೂರೂ ಸೇರಿ ಸಿಬಿಐ ಅಂತ ಕರೀತಿದ್ದ ರಣರಂಗದಲ್ಲಿದ್ದ ಅಮೆರಿಕದೋರ ಚಿಹ್ನೆ ಇದೇ ಆಕಾರ. ಮೇಲೆ ನೀಲಿ, ಅದರಲ್ಲಿ ಒಂದು ಕಡೆ ಚೀನಾದ ಸೂರ್ಯ, ಇನ್ನೊಂದು ಕಡೆ ಭಾರತದ್ದು ಅಂತ ನಕ್ಷತ್ರ, ಕೆಳಗೆ ಕೆಂಪು ಬಿಳಿ ಉದ್ದ ಪಟ್ಟೆ. ಈ ಬಿಲ್ಲೆಗಳನ್ನ ಎಷ್ಟೋ ಸಲ ಇಲ್ಲಿನ ದರ್ಜಿಗಳೇ ಹೊಲೀತಿದ್ರು, ಕೆಲವು ಬಣ್ಣದ ಚರ್ಮದ ತುಂಡು ಜೋಡಿಸಿ, ಕೆಲವು ಜರಿ ದಾರದಲ್ಲಿ.

ದೊಡ್ಡತ್ತೆಗೆ ಫೋನ್ ಮಾಡಿ ಕೇಳಿದೆ, ಭುಜದ ಮೇಲೆ ಎಂತಾದ್ರೂ ಇತ್ತಾ ಅಂತ. ಒಂದು ಕ್ಷಣ ಸುಮ್ನಿದ್ರು. "ಹೌದಾ, ಇತ್ತಪ್ಪ. ಸೂರ್ಯ ನಕ್ಷತ್ರ ಇರೋದು. ನನ್ನ ಸ್ಲೇಟಿನ ಚೀಲಕ್ಕೆ ಹೊಲ್ಕೊಟ್ಟಿದ್ರು. ಪೊಲೀಸ್‌ನೋರು ನೋಡಿದ್ರೆ ಕೇಳ್ತಾರೆ ಅಂತ ಅಪ್ಪಯ್ಯನೇ ಬ್ಲೇಡಲ್ಲಿ ಬಿಚ್ಚಿದ್ದು." ಚೀಲ ಎಲ್ಲೋಯ್ತು ಅಂದ್ರೆ ಒಂದು ಮಳೆಗಾಲದಲ್ಲಿ ಸಂಕ ದಾಟುವಾಗ ಹಳ್ಳಕ್ಕೆ ಬಿತ್ತಂತೆ. ನೆನಪಿಗಿರ್ಲಿ ಅಂತ ದೊರೆ ಪ್ರೀತಿಯಿಂದ ಕೊಟ್ಟಿದ್ರೆ ಪೊಲೀಸರಿಗೆ ಯಾಕೆ ಹೆದರ್ಬೇಕಿತ್ತು ಅಂತ ನಾನು ಕೇಳ್ಲಿಲ್ಲ, ಅವರಿಗೆ ಎಂಬತ್ತರ ಹತ್ರ ವಯಸ್ಸು, ಬಿಡಿ. ಆದ್ರೆ ಲೇಬಲ್ಲಲ್ಲಿ ಪ್ರಾಪರ್ಟಿ ಅಂತ ಬರೆದಿದೆಯಲ್ಲ, ಅದು ಬರೀ ಅಲಂಕಾರಕ್ಕಲ್ಲ, ಕೋಟು ಸರ್ಕಾರದ್ದು, ಹಾಕ್ಕೊಂಡೋನದ್ದಲ್ಲ. ಯುದ್ಧ ಮುಗಿದ್ಮೇಲೆ ಅಮೆರಿಕದೋರು ಬಿಟ್ಟುಹೋದ ಸಾಮಾನು ಡಿಸ್ಪೋಸಲ್ ಮಾಲು ಅಂತ ರಾಶಿ ರಾಶಿ ಮಾರಾಟ ಆಯ್ತು. ಸಾಮಾನೇನು, ವಿಮಾನಾನೇ ಬಿಟ್ಟುಹೋಗಿದ್ರು. ಕಾನ್ಪುರದಲ್ಲಿ ಉಪಯೋಗಕ್ಕೆ ಬರಬಾರ್ದು ಅಂತ ಕೆಡಿಸಿ ಹಾಕಿದ್ದ ಲಿಬರೇಟರ್ ಬಾಂಬರ್‌ಗಳನ್ನ ನಮ್ಮೋರು ಹಾರೋ ಹಾಗೆ ಮಾಡ್ಕೊಂಡು ಬೆಂಗಳೂರಿಗೆ ತಂದು, ರಿಪೇರಿ ಮಾಡಿ, ನಲವತ್ತಕ್ಕೂ ಹೆಚ್ಚು ವಿಮಾನ ನಮ್ಮ ಏರ್‌ಫೋರ್ಸಿಗೆ ಕೊಟ್ರು, ಅವು 1968ರ ತನಕ ಹಾರಿದ್ವು. ಅಷ್ಟು ದೊಡ್ಡ ವಿಮಾನಾನೇ ಗುಜರಿಯಿಂದ ಎದ್ದು ಬಂದಿದೆ ಅಂದ್ಮೇಲೆ ಒಂದು ಕೋಟು ಯಾವ ಲೆಕ್ಕ. ಅಪ್ಪನ ಒಂದು ಸಾಲಿನ ಕಥೆಗೆ ನನ್ನ ಓಟು.

ಒಳಗಿನ ಬಟ್ಟೆ ಮೇಲೂ ನಾಲ್ಕು ಮೂಲೇಲಿ ಹೊಲಿಗೆ ತೂತಿದೆ, ಎಂತದೋ ಚೌಕ ಹೊಲಿದಿದ್ರು. ಅದು ಬ್ಲಡ್ ಚಿಟ್ ಇರಬಹುದು ಅಂತ ನನ್ನ ಆಸೆ. ಚೀನಾದಲ್ಲಿ ಹಾರೋ ಅಮೆರಿಕದೋರ ಕೋಟಿಗೆ ರೇಷ್ಮೆಯದ್ದೋ ಚರ್ಮದ್ದೋ ಒಂದು ತುಂಡು ಹೊಲೀತಿದ್ರು, ಮೇಲೆ ಚೀನಾ ಬಾವುಟ, ಕೆಳಗೆ ಚೀನೀ ಅಕ್ಷರದಲ್ಲಿ ಈ ಪರದೇಶಿ ಯುದ್ಧದಲ್ಲಿ ನಮಗೆ ಸಹಾಯ ಮಾಡೋಕೆ ಬಂದಿದಾನೆ, ಸೈನಿಕರು ಪ್ರಜೆಗಳು ಎಲ್ಲರೂ ಇವನನ್ನ ಕಾಪಾಡಿ ಅನ್ನೋ ಅರ್ಥದ ಮಾತು. ವಿಮಾನ ಬಿದ್ದು ಭಾಷೆ ಬರದ ಊರಲ್ಲಿ ಇಳಿದ್ರೆ ಬೆನ್ನ ಮೇಲಿದ್ರೆ ತಿರುಗಿ, ಒಳಗಿದ್ರೆ ಕೋಟು ತೆರೆದು ತೋರ್ಸೋದು. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಮೂಕರು ಅಂತ ಹೇಳ್ಕೊಂಡು ಕಾರ್ಡ್ ಕೊಡ್ತಾರಲ್ಲ, ಹಾಗೆ, ಆದ್ರೆ ಇಲ್ಲಿ ಜೀವದ ಪ್ರಶ್ನೆ. ಇದರಲ್ಲಿ ನಂಗೆ ಮಜಾ ಅನ್ನಿಸಿದ್ದು ಆ ಚಿಟ್ ಅನ್ನೋ ಪದ. ಅದು ಇಂಗ್ಲಿಷರು ನಮ್ಮ ಕಡೆಯಿಂದ್ಲೇ ಎತ್ಕೊಂಡು ಹೋದ ಚಿಟ್ಠಿ, ನಮ್ಮ ರೇಷನ್ ಚೀಟಿಯ ಚೀಟಿ, ಅದೇ ಅಮೆರಿಕದವನ ಬೆನ್ನು ಹತ್ತಿ ಚೀನಾ ತನಕ ಹೋಗಿ ಬಂತು.

ಮತ್ತೆ ಅಜ್ಜಿಯ ಆ ದನದ ಚರ್ಮದ ಪ್ರಶ್ನೆ. ಎ-2ಗೆ ಹೆಚ್ಚಾಗಿ ಹಾಕ್ತಿದ್ದಿದ್ದು ಕುದುರೆ ಚರ್ಮ, ಆಡಿನದ್ದೂ ಇರ್ತಿತ್ತು. ಗಾಂಧಿಬಜಾರಲ್ಲಿ ಚಿನ್ನದ ಕೆಲಸ ಮಾಡೋ ಗೆಳೆಯನ ಹತ್ರ ಕಣ್ಣಿಗೆ ಹಾಕೋ ಭೂತಗನ್ನಡಿ ತಗೊಂಡು ಕೂದಲಿನ ತೂತು ನೋಡಿದ್ವಿ. ಆಡಿನದ್ದಾದ್ರೆ ಮೂರು ಮೂರು ತೂತು ಅರ್ಧಚಂದ್ರದ ಥರ ಕೂತಿರುತ್ತೆ, ಅದಂತೂ ಅಲ್ಲ. ಕುದುರೆ ಅಂತ್ಲೇ ನಾನು ತೀರ್ಮಾನ ಮಾಡಿದೆ, ಅಂದ್ರೆ ಅಜ್ಜಿ ಎಪ್ಪತ್ತು ವರ್ಷ ಕೋಟಿನ ಮೇಲೆ ಹಾಕಿದ್ದ ಆರೋಪ ಸುಳ್ಳು. ಅಜ್ಜಿ ಹೋಗಿ ಮೂರು ವರ್ಷ ಆಯ್ತು. ಇದ್ದಿದ್ರೂ ಎಂತ ಹೇಳ್ತಿದ್ರು ಅಂತ ನಂಗೆ ಗೊತ್ತು, "ಕುದ್ರೆ ಆದ್ರೆ ಪಂಚಾಮೃತನಾ, ಹೊರಗಿಡು ಅತ್ಲಾಗೆ."

ಆ ಚರ್ಮ ಹದ ಮಾಡಿರೋದು ಮರದ ಚಕ್ಕೆ ಕಷಾಯದಲ್ಲಿ ಅಂತೆ, ಆ ಕಾಲದ ಎ-2 ಎಷ್ಟೋ ಹಾಗೇನೇ. ಟ್ಯಾನಿನ್ ಅನ್ನೋ ಒಗರು ವಸ್ತು ಚರ್ಮದೊಳಗೆ ಹೊಕ್ಕು ಕೊಳೀದ ಹಾಗೆ ಮಾಡುತ್ತೆ. ನಮ್ಮ ಕಡೆ ತಂಗಡಿ ತೊಗಟೆ, ಅಳಲೆಕಾಯಿ ಹಾಕ್ತಿದ್ದಿದ್ದು ಅದಕ್ಕೇನೆ. ಅಡಿಕೆ ಬೇಯಿಸಿದ ಚೊಗರಲ್ಲೂ ಇರೋದು ಅದೇ, ಕೈಗೆ ಹತ್ತಿದ್ರೆ ವಾರ ಹೋಗಲ್ವಲ್ಲ ಆ ಕೆಂಪು, ಹೆಗ್ಗೋಡು ಹತ್ರ ಭೀಮನಕೋಣೆಯ ಚರಕ ಅನ್ನೋ ಕೈಮಗ್ಗದ ಸಂಘದೋರು ಅದರಿಂದ್ಲೇ ಬಟ್ಟೆಗೆ ಬಣ್ಣ ಹಾಕ್ತಾರೆ. ಕೋಟಿನ ಮುಂಗೈ ಪಟ್ಟಿ ಪೂರ್ತಿ ಚೊಗರಿನ ಕಲೆ. ಒಟ್ನಲ್ಲಿ ಅಮೆರಿಕದಲ್ಲಿ ಒಂದ್ಸಲ ಹದ ಆಗಿದ್ದು ನಮ್ಮನೇಲಿ ಇನ್ನೊಂದ್ಸಲ ಆಗಿದೆ.

ಅಳಲೆಕಾಯಿ ಅಂದ್ಕೂಡ್ಲೆ ನನ್ನ ಪಂಡಿತಗಿರೀನೂ ಹೇಳ್ಬಿಡ್ತೀನಿ. ಕೋಟು ಬಿರುಸಾಗಿದೆ ಅಂತ ನಾನೇ ವೈದ್ಯ ಆಗಿ ಚೆನ್ನಾಗಿ ಕೊಬ್ಬರಿ ಎಣ್ಣೆ ತಿಕ್ಕಿದೆ. ಎರಡು ದಿನ ಭಾರೀ ಹೊಳಪು, ವಾಟ್ಸಾಪ್ ಸ್ಟೇಟಸ್ ಹಾಕ್ಕೊಂಡೆ. ಡಿಸೆಂಬರ್ ಬಂತು, ಒಂದು ಬೆಳಿಗ್ಗೆ ನೋಡಿದ್ರೆ ಕೋಟು ಪೂರ್ತಿ ಬೆಳ್ಳಗೆ ಬೂದಿ ಬಳಿದ ಹಾಗೆ. ಎದೆ ಧಸಕ್ಕಂತು. ಬೂಷ್ಟು ಅಂದ್ಕೊಂಡು ವಿನಿಗರ್ ಹಿಡ್ಕೊಂಡು ಬಂದೆ. ಹೆಂಡತಿ ನೋಡಿ, ಬಾತ್‌ರೂಮಲ್ಲಿರೋ ಎಣ್ಣೆ ಬಾಟ್ಲು ನೋಡಿ ಹೋಗಿ, ಅದೂ ಹೀಗೇ ಆಗಿದೆ ಅಂದ್ಲು. ಅಷ್ಟೇ ವಿಷ್ಯ. ಕೊಬ್ಬರಿ ಎಣ್ಣೆ ಇಪ್ಪತ್ನಾಲ್ಕು ಡಿಗ್ರಿ ಕೆಳಗೆ ಗಟ್ಟಿ ಆಗುತ್ತೆ, ಚರ್ಮದೊಳಗೆ ಹೋಗಿದ್ದು ಚಳಿಗೆ ಮೇಲೆ ಬಂದು ಕೂತಿತ್ತು. ಹೇರ್ ಡ್ರೈಯರ್ ದೂರದಿಂದ ತೋರಿಸಿದ್ರೆ ಮಾಯ. ಬೂಷ್ಟಾದ್ರೆ ಶಾಖಕ್ಕೆ ಹೋಗಲ್ಲ, ವಾಸನೇನೂ ಬೇರೆ. ಎಣ್ಣೆ ಒಳಗೇ ಇದೆ ಈಗ್ಲೂ, ಚಳಿಗಾಲ ಬಂದಾಗೆಲ್ಲ ಬರುತ್ತೆ. ಹಳೇ ಚರ್ಮಕ್ಕೆ ಎಣ್ಣೆ ಹಚ್ಲೇಬಾರ್ದಂತೆ, ಒಲೆ ಹತ್ರ ಒಣಗಿಸ್ಲೂಬಾರ್ದಂತೆ, ಒದ್ದೆ ಇದ್ದಾಗ ಶಾಖ ತಾಗಿದ್ರೆ ಮುರುಟಿ ಹಪ್ಪಳ ಆಗುತ್ತೆ. ಮೆತ್ತನೆ ಹಳೇ ಹತ್ತಿ ಬಟ್ಟೇಲಿ ಸುತ್ತಿ, ಅಗಲ ಹ್ಯಾಂಗರಿಗೆ ಹಾಕಿ, ಗಾಳಿ ಆಡೋ ಕಡೆ ಇಡೋದು, ಅಷ್ಟೇ.

ಇದನ್ನೆಲ್ಲ ಹೇಳಿದ್ದು ಬೆಂಗಳೂರಲ್ಲಿ ಹಳೇ ಮಿಲಿಟರಿ ಸಾಮಾನು ಕೂಡಿಡೋ ಒಬ್ಬರು, ಭಾವನ ಪರಿಚಯ. ವಿಡಿಯೋ ಕಾಲಲ್ಲಿ ಕೋಟು ತಿರುಗಿಸಿ ತಿರುಗಿಸಿ ತೋರಿಸಿದೆ. ಒಳ್ಳೇ ಸ್ಥಿತೀಲಿದ್ದು ಹೆಸರಿನ ಪಟ್ಟಿ ಇದ್ರೆ ಒಂದು ಲಕ್ಷದ ಮೇಲೆ ಹೋಗುತ್ತಂತೆ. ನಮ್ಮದಕ್ಕೆ ಜಿಪ್ಪು ಕಿತ್ತೋಗಿ ಅಜ್ಜ ಐದು ಕೋಟಿನ ಗುಂಡಿ ಹಾಕ್ಸಿದಾರೆ, ಹೊಗೆ, ಸುಣ್ಣ, ಕೊನೇಗೆ ನನ್ನ ಎಣ್ಣೆ. ಅವರು ಹಲ್ಲು ಕಚ್ಕೊಂಡು ನೋಡ್ತಿದ್ರು. 1943ರಲ್ಲೇ ಅಮೆರಿಕದೋರು ಹೊಸ ಚರ್ಮದ ಕೋಟಿಗೆ ಆರ್ಡರ್ ಕೊಡೋದು ನಿಲ್ಲಿಸಿ ಬಟ್ಟೆ ಕೋಟಿಗೆ ಹೋದ್ರು, ಹಾಗಾಗಿ ಉಳಿದಿರೋದಕ್ಕೆ ಬೆಲೆ, 1988ರಲ್ಲಿ ಅವರ ಏರ್‌ಫೋರ್ಸ್ ಮತ್ತೆ ಎ-2 ಕೊಡೋಕೆ ಶುರು ಮಾಡ್ತು, ಈಗ ಇದರ ತದ್ರೂಪು ಮಾಡೋದ್ರಲ್ಲಿ ಜಪಾನಿನ ಕಂಪನಿಗಳದ್ದು ದೊಡ್ಡ ಹೆಸರು ಅಂತೆಲ್ಲ ಹೇಳಿದ್ರು. ಜಪಾನಿನೋರು! ಇದನ್ನ ಹಾಕ್ಕೊಂಡೋರು ಬಾಂಬ್ ಹಾಕಿದ್ದು ಯಾರ ಮೇಲೆ ಸ್ವಾಮಿ. ಹೊಲಿಗೆ ನೂಲು, ಜಿಪ್ಪಿನ ಹಲ್ಲು ಎಲ್ಲಾ ಹಳೇದರ ಥರಾನೇ ಮಾಡ್ತಾರಂತೆ. ಸುಣ್ಣದ ಕಲೆ ಮಾಡ್ತಾರಾ ಅಂತ ಕೇಳ್ಬೇಕಿತ್ತು.

ಅವರೇ ಹೇಳಿದ್ದು, ಎಡ ಎದೆ ಮೇಲೆ ನೋಡಿ, ಹೆಸರಿನ ಪಟ್ಟಿ ಇದ್ದ ಗುರುತು ಇರುತ್ತೆ ಅಂತ. ಇತ್ತು. ನಾಲ್ಕು ಇಂಚು ಉದ್ದ, ಬೆರಳಗಲ, ಸುತ್ತ ಸಣ್ಣ ತೂತಿನ ಸಾಲು. ಚರ್ಮದ ಪಟ್ಟಿ ಮೇಲೆ ಹೆಸರು ಒತ್ತಿ ಅಲ್ಲಿ ಹೊಲೀತಿದ್ರು. ಅಂದ್ರೆ ಈ ಕೋಟಿಗೆ ಒಂದು ಹೆಸರಿತ್ತು! ಪೈಲಟ್ಟೇ ಆಗಿರ್ಬೇಕಂತಿಲ್ಲ, ವಿಮಾನ ಹತ್ತೋ ಎಲ್ಲರಿಗೂ ಎ-2 ಕೊಡ್ತಿದ್ರು, ದಾರಿ ಲೆಕ್ಕ ಹಾಕೋನು, ರೇಡಿಯೋದವನು, ಗನ್ನು ಹಿಡಿಯೋನು. ಆದ್ರೆ ಹೆಸರು ಇದ್ದಿದ್ರೆ ಹುಡುಕಬಹುದಿತ್ತು.

ಅಜ್ಜ ಭುಜದ್ದನ್ನ ಬಿಚ್ಚಿದ ಹಾಗೆ ಇದನ್ನೂ ಬಿಚ್ಚಿ ಎಸೆದಿರ್ತಾರೆ ಅಂದ್ಕೊಂಡು ಸುಮ್ನಾಗಿದ್ದೆ. ಒಂದು ದಿನ ಉಣ್ಣೆ ಪಟ್ಟಿ ಹೊಲಿಗೆ ಬಿಟ್ಟಿತ್ತು ಅಂತ ಬಸ್ ಸ್ಟ್ಯಾಂಡ್ ಹತ್ರ ಚಪ್ಪಲಿ, ಬ್ಯಾಗು ಹೊಲಿಯೋ ಹಿರಿಯರೊಬ್ಬರ ಹತ್ರ ಒಯ್ದೆ. ಅವರು ಕನ್ನಡಕ ಹಾಕ್ಕೊಂಡು ಕೋಟು ತೊಡೆ ಮೇಲೆ ಹರವಿ ಹತ್ತು ನಿಮಿಷ ಬರೀ ನೋಡಿದ್ರು, ಬೆರಳಲ್ಲಿ ಹೊಲಿಗೆ ಮುಟ್ಟಿ ಮುಟ್ಟಿ. ನಾನು ಎಣ್ಣೆ ಹಚ್ಚಿದ್ದು ಮೂಸಿ ಗೊತ್ತು ಮಾಡ್ಕೊಂಡು ತಲೆ ಅಲ್ಲಾಡಿಸಿದ್ರು. ಆಮೇಲೆ ಎದೆ ಮೇಲಿನ ಗುರುತು ತೋರಿಸಿ ಹೇಳಿದ್ರು, "ಭುಜದ್ದು ತಿಳಿದೋರು ಬಿಚ್ಚಿದಾರೆ ಸರ್, ದಾರ ಒಂದೊಂದೇ ಕೊಯ್ದು ತೆಗ್ದಿದಾರೆ, ತೂತು ಚೊಕ್ಕಾಗಿದೆ. ಇದು ಬಿಚ್ಚಿದ್ದಲ್ಲ, ಕಿತ್ತಿದ್ದು. ನೋಡಿ ಈ ಕಡೆ ತೂತು ಹರ್ದಿದೆ, ಇಲ್ಲಿ ಚಾಕು ಜಾರಿದ ಗೀರು. ಹುಡುಗ್ರು ಕೆಲಸ."

ಆ ಮನೇಲಿ ಆಗ ಹುಡುಗ ಅಂತ ಇದ್ದಿದ್ದು ಯಾರು. ನಮ್ಮಪ್ಪ ಅಂಥದಕ್ಕೆಲ್ಲ ಕೈ ಹಾಕೋರಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ಊರಿಗೆ ಬಂದಿದ್ರು, ಮಧ್ಯಾಹ್ನ ಊಟ ಆಗಿ ಜಗಲೀಲಿ ಎಲೆಗೆ ಸುಣ್ಣ ಹಚ್ತಾ ಕೂತಿದ್ರು. ಕೋಟು ತಂದು ಮುಂದೆ ಇಟ್ಟೆ, ಬೆರಳಿಟ್ಟು ತೋರಿಸಿ ಕೇಳಿದೆ, ಚಿಕ್ಕಪ್ಪ ಇಲ್ಲಿದ್ದಿದ್ದು ಎಂತಾಯ್ತು ಅಂತ. ಎಲೆ ಮಡಚೋ ಕೈ ನಿಂತೋಯ್ತು. ಕೋಟು ನೋಡಿದ್ರು, ನನ್ನ ನೋಡಿದ್ರು, ಆಮೇಲೆ ಅಂಗಳದ ಕಡೆ ನೋಡ್ತಾ ಹೇಳಿದ್ರು.

"ಮಂಗ ಮಾರಾಯ. ಆ ವರ್ಷ ಮಂಗನ ಕಾಟ ಜೋರು, ಬಾಳೆಗೊನೆ ಒಂದು ಬಿಡ್ತಿರ್ಲಿಲ್ಲ. ಕ್ಯಾಟರ್‌ಬಿಲ್ಲಿಗೆ ಕಲ್ಲು ಇಡೋಕೆ ಚರ್ಮ ಬೇಕಿತ್ತು. ಹಳೇ ಚಪ್ಪಲಿದು ಹಾಕಿದ್ರೆ ಹರ್ದೋಗ್ತಿತ್ತು. ಇದು ಅಳತೆ ತಗಂಡು ಮಾಡಿದಂಗಿತ್ತು."

ಅಪ್ಪ ಒಳಗಿಂದ ಬಂದು ಬಾಗಿಲಲ್ಲಿ ನಿಂತು ಕೇಳ್ತಿದ್ರು, ಬಾಯಿ ಮುಚ್ಕೊಂಡು ನಗ್ತಿದ್ರು. ಕುಂದಾದ್ರಿ ಕಾಡಲ್ಲಿ ಅತ್ತ ಪೈಲಟ್ಟಿನ ಹೆಸರಿನ ಮೇಲೆ ಕಲ್ಲಿಟ್ಟು ಮಂಗಕ್ಕೆ ಹೊಡೆದ ಮನುಷ್ಯ ಅರವತ್ತು ವರ್ಷದಿಂದ ಆ ಪೈಲಟ್ಟಿನ ಕಥೆ ಹೇಳ್ಕೊಂಡು ಬಂದಿದ್ರು. ಅಜ್ಜ ಬೈಲಿಲ್ವಾ ಅಂದೆ. ಬೈದಿದ್ದಲ್ಲ, ನಾಲ್ಕು ಬಿಟ್ರಂತೆ, ಚರ್ಮ ಕಿತ್ತಿದ್ದಕ್ಕಲ್ಲ, ಚಾಕು ಮುಟ್ಟಿದ್ದಕ್ಕೆ. ಆಮೇಲೆ ಹೊಡೆದ ಬೇಜಾರಿಗೋ ಎಂತೋ, ಆ ಬಿಲ್ಲಿಗೆ ಒಳ್ಳೇ ಸೈಕಲ್ ಟ್ಯೂಬ್ ಕೊಯ್ದು ಅಜ್ಜಾನೇ ಕಟ್ಟಿಕೊಟ್ರಂತೆ.

"ಹೆಸರು ಎಂತ ಇತ್ತು, ನೆನಪಿದ್ಯಾ?"

"ನಾನಾಗ ಐದನೇ ಕ್ಲಾಸು. ಎಬಿಸಿಡಿ ಆಗಷ್ಟೇ ಶುರು ಮಾಡಿದ್ರು ಇಸ್ಕೂಲಲ್ಲಿ. ಕಲ್ಲು ಇಟ್ಟು ಇಟ್ಟು ಮಧ್ಯದ್ದೆಲ್ಲಾ ಅಳಿಸೋಗಿತ್ತು. ತುದೀದು ಒಂದು ಅಕ್ಷರ ಮಾತ್ರ ಚೆನ್ನಾಗಿ ಕಾಣ್ತಿತ್ತು, ಅದನ್ನ ನೋಡ್ಕಂಡೇ ನಾನು ಬರೆಯೋದು ಕಲ್ತಿದ್ದು." ಎಲೆ ಕೆಳಗಿಟ್ಟು ಸುಣ್ಣದ ಬೆರಳಲ್ಲೇ ಜಗಲಿ ಕಟ್ಟೆ ಮೇಲೆ ಗೀಚಿ ತೋರಿಸಿದ್ರು. ನಾಲ್ಕು ಗೆರೆ, ಮೇಲೆ ಕೆಳಗೆ ಮೇಲೆ ಕೆಳಗೆ.

ನಾನು ಅವರ ಎದುರಿಗೆ ಕೂತಿದ್ದೆ. "ಇದು ಡಬ್ಲ್ಯೂನಾ?" ಅಂದೆ.

ಚಿಕ್ಕಪ್ಪ ತಮ್ಮ ಕಡೆಯಿಂದ ಸ್ವಲ್ಪ ಹೊತ್ತು ನೋಡಿದ್ರು. "ನಂಗೆ ಎಮ್ಮು" ಅಂದ್ರು. "ಬಿಲ್ಲು ಎತ್ತಿ ಹಿಡಿದ್ರೆ ಎಮ್ಮು. ಇಳಿಸಿದ್ರೆ ನೀ ಹೇಳಿದ್ದು."